ಫ್ರಿಜ್ ತುಂಬಿದ್ದರೂ ರಕ್ತ ಸಾಲದು: ಸಾಂಕ್ರಾಮಿಕದ ದಿನಗಳಲ್ಲಿ ಬ್ಲಡ್ ಬ್ಯಾಂಕ್ ನಿಭಾಯಿಸುವುದು ಹೇಗೆ?

ಸಾಂಕ್ರಾಮಿಕ ಶುರುವಾದ ಹೊಸತರಲ್ಲಿ ರಕ್ತದ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳು ನಿಂತು ಬೇಡಿಕೆ ಇಳಿದಿರುತ್ತದೆ. ಆದರೆ ಕಾಲೇಜು, ಕಚೇರಿಗಳ ರಕ್ತದಾನ ಶಿಬಿರಗಳೂ ನಿಂತಿರುತ್ತವೆ. ಶಸ್ತ್ರಚಿಕಿತ್ಸೆಗಳು ಮತ್ತೆ ಆರಂಭವಾದಾಗ ಪೆಟ್ಟು ಬೀಳುತ್ತದೆ. ಅಷ್ಟರೊಳಗೆ ಈ ಕೆಲಸಗಳು ಮುಗಿದಿರಬೇಕು.

ಮೊದಲನೆಯದು ಎಣಿಕೆ. ಬಹಳಷ್ಟು ಮಂದಿ ಎಡವುವುದು ಇಲ್ಲೇ. ‘ಒಟ್ಟು ಇನ್ನೂರು ಯೂನಿಟ್ ಇದೆ’ ಎಂಬುದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ರಕ್ತದ ಗುಂಪನ್ನೂ ಬೇರೆಯಾಗಿ ಎಣಿಸಿ. ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಆಗಿ ರೋಗಿಯ ಹೆಸರಿಗೆ ಕಾದಿರಿಸಿದ್ದನ್ನು ಕಳೆಯಿರಿ, ಪರೀಕ್ಷಾ ವರದಿ ಬಾರದ್ದನ್ನೂ ಕಳೆಯಿರಿ. ಉಳಿದದ್ದನ್ನು ಆ ಗುಂಪಿನ ದಿನದ ಬಳಕೆಯಿಂದ ಭಾಗಿಸಿ. ಉದಾಹರಣೆಗೆ, ಓ ಪಾಸಿಟಿವ್ 48 ಯೂನಿಟ್ ಇದೆ. ಅದರಲ್ಲಿ 20 ಕಾದಿರಿಸಿದ್ದು, 4 ಇನ್ನೂ ಪರೀಕ್ಷೆಯಲ್ಲಿದೆ. ದಿನಕ್ಕೆ 6 ಖರ್ಚಾಗುವುದಾದರೆ ಕೈಯಲ್ಲಿರುವುದು ನಾಲ್ಕು ದಿನದ ರಕ್ತ, ಎಂಟು ದಿನದ್ದಲ್ಲ. ದಿನದ ಬಳಕೆಗೆ ಕಳೆದ ಎರಡು ವಾರಗಳ ಸರಾಸರಿ ಹಿಡಿಯಿರಿ. ಶಸ್ತ್ರಚಿಕಿತ್ಸೆ ಮತ್ತೆ ಶುರುವಾಗುವ ದಿನಾಂಕ ಗೊತ್ತಾದ ಕೂಡಲೇ ಮಾಮೂಲಿ ದಿನಗಳ ಸರಾಸರಿಗೆ ಬದಲಿಸಿ. ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಡ. ಫ್ರಿಜ್ ಪಕ್ಕದಲ್ಲೊಂದು ಬಿಳಿ ಬೋರ್ಡ್ ಇರಲಿ, ರಾತ್ರಿ ಪಾಳಿಯವರ ಕಣ್ಣಿಗೂ ಬೀಳುತ್ತದೆ.

ಆಮೇಲೆ, ಕಾದಿರಿಸಿದ ಯೂನಿಟ್‌ಗಳನ್ನು ಬಿಡಿಸಿಕೊಳ್ಳಿ. ಕ್ರಾಸ್‌ಮ್ಯಾಚ್ ಮಾಡಿದ ಯೂನಿಟ್‌ಗಳ ಸಂಖ್ಯೆಯನ್ನು ರೋಗಿಗೆ ನಿಜವಾಗಿ ಏರಿಸಿದವುಗಳ ಸಂಖ್ಯೆಯಿಂದ ಭಾಗಿಸಿ. 2ಕ್ಕಿಂತ ಹೆಚ್ಚು ಬಂದರೆ ಸುಮ್ಮನೆ ಹಿಡಿದಿಟ್ಟ ರಕ್ತ ಬಹಳವಿದೆ ಎಂದರ್ಥ. ರಕ್ತಸ್ರಾವದ ಸಂಭವ ಕಡಿಮೆಯಿರುವ ಶಸ್ತ್ರಚಿಕಿತ್ಸೆಗೆ ಗುಂಪು ಪರೀಕ್ಷೆ, ಆಂಟಿಬಾಡಿ ಸ್ಕ್ರೀನ್ (ಬೇರೆಯವರ ಕೆಂಪು ಕಣಗಳ ವಿರುದ್ಧದ ಪ್ರತಿಕಾಯ ರೋಗಿಯಲ್ಲಿದೆಯೇ ಎಂಬ ಪರೀಕ್ಷೆ) ಸಾಕು. 24 ಗಂಟೆ ಕಳೆದ ಮೇಲೆ ವಾರ್ಡಿನವರು ಮತ್ತೆ ಕೇಳದಿದ್ದರೆ ಯೂನಿಟ್ ಬಿಡುಗಡೆಯಾಗಲಿ.

ದಾನಿಗಳನ್ನು ಕರೆಯುವಾಗ ಗಾಬರಿಯೇ ದೊಡ್ಡ ಶತ್ರು. ‘ತುರ್ತಾಗಿ ರಕ್ತ ಬೇಕು’ ಎಂದು ಸಾಮಾಜಿಕ ಜಾಲತಾಣದಲ್ಲಿ ಒಮ್ಮೆ ಹಾಕಿದರೆ ಎರಡೇ ದಿನದಲ್ಲಿ ಜನ ಮುಗಿಬೀಳುತ್ತಾರೆ. ಸಿಪಿಡಿಎ-1 ಎಂಬ ಸಂರಕ್ಷಕ ದ್ರಾವಣವಿರುವ ಚೀಲದ ಕೆಂಪು ಕಣಗಳು 35 ದಿನ, ಎಸ್‌ಎಜಿಎಂ ಎಂಬ ಪೋಷಕ ದ್ರಾವಣ ಸೇರಿಸಿದವು 42 ದಿನ ಬಾಳುತ್ತವೆ. ಹೀಗೆ ಒಟ್ಟಿಗೆ ಬಂದದ್ದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ, ಕೊಟ್ಟವರು ಮತ್ತೆ ಕೊಡಲು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಂತೂ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲುಗಾಡಿಸುತ್ತಲೇ ಇಟ್ಟರೂ ಸಾಮಾನ್ಯವಾಗಿ ಐದೇ ದಿನ. ಆದ್ದರಿಂದ ಗುಂಪುವಾರು ಪಟ್ಟಿ ಮಾಡಿ, ಪ್ರತಿದಿನ ಇಷ್ಟೇ ಮಂದಿಗೆ ಎಂದು ಗಂಟೆ ಗೊತ್ತುಮಾಡಿ ಫೋನ್ ಮಾಡಿ. ಕೋವಿಡ್ ವೈರಸ್ ರಕ್ತ ಏರಿಸುವುದರಿಂದ ಹರಡಿದ್ದು ಕಂಡುಬಂದಿಲ್ಲ. ಅಪಾಯವಿದ್ದದ್ದು ಕಾಯುವ ಕೋಣೆಯ ಜನಸಂದಣಿಯಲ್ಲಿ. ಇದನ್ನು ದಾನಿಗಳಿಗೆ ಬಿಡಿಸಿ ಹೇಳಿ.

ವಾರ್ಡಿನಲ್ಲಿ ಬಿಗಿ ಬೇಕು. ರಕ್ತಸ್ರಾವವಿಲ್ಲದ, ಸ್ಥಿರವಾಗಿರುವ ವಯಸ್ಕ ರೋಗಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 7 ಗ್ರಾಂಗಿಂತ ಇಳಿದ ಮೇಲೆ ರಕ್ತ ಏರಿಸಿದರೆ ಸಾಕು, ಹೃದ್ರೋಗವಿದ್ದರೆ 8. ಒಂದು ಯೂನಿಟ್ ಕೊಟ್ಟು ರೋಗಿಯನ್ನು ನೋಡಿ, ಹಿಮೋಗ್ಲೋಬಿನ್ ಅಳೆದು, ಆಮೇಲೆ ಇನ್ನೊಂದರ ಮಾತು. ಓ ನೆಗೆಟಿವ್ ಅನ್ನು ಹೆರಿಗೆಯ ವಯಸ್ಸಿನೊಳಗಿನ ಹೆಣ್ಣುಮಕ್ಕಳಿಗೆ, ಆರ್‌ಎಚ್ ಆಂಟಿಬಾಡಿ (ಪಾಸಿಟಿವ್ ರಕ್ತದ ಆರ್‌ಎಚ್ ಅಂಶದ ವಿರುದ್ಧದ ಪ್ರತಿಕಾಯ) ಇರುವವರಿಗೆ ಉಳಿಸಿ. ಗುಂಪು ಗೊತ್ತಿಲ್ಲದ ವಯಸ್ಕ ಗಂಡಸರಿಗೆ ತುರ್ತಿನಲ್ಲಿ ಓ ಪಾಸಿಟಿವ್ ಕೊಡಬಹುದು.

ಕೆಂಪು ಕಣಗಳ ಚೀಲವನ್ನು ವಾರ್ಡಿನ ಔಷಧಿ ಫ್ರಿಜ್‌ನಲ್ಲಿ ಇಡಲೇಬೇಡಿ. ಅದಕ್ಕೆ 2ರಿಂದ 6 ಡಿಗ್ರಿ ಬೇಕು, ಮಾಮೂಲಿ ಫ್ರಿಜ್‌ನ ಉಷ್ಣತೆ ಏರಿಳಿಯುತ್ತದೆ. ಮಂಜುಗಡ್ಡೆ ನೇರವಾಗಿ ತಾಗಿದರೂ ಕಣಗಳು ಒಡೆಯುತ್ತವೆ. ಹೊರತೆಗೆದು 30 ನಿಮಿಷ ಮೀರಿದ ಚೀಲ ಸಂಗ್ರಹಕ್ಕೆ ಮರಳುವಂತಿಲ್ಲ.

ಕೊನೆಗೆ ಹಸಿರು, ಹಳದಿ, ಕೆಂಪು ಹಂತಗಳು. ಎಷ್ಟು ದಿನದ ರಕ್ತ ಉಳಿದಾಗ ಯಾವ ಹಂತ, ಆಗ ಯಾವ ಶಸ್ತ್ರಚಿಕಿತ್ಸೆ ನಿಲ್ಲಬೇಕು ಎಂಬುದನ್ನು ಮೊದಲೇ ಬರೆದು ಸಹಿ ಮಾಡಿಸಿ. ಕೆಂಪು ಹಂತದಲ್ಲಿ ಯಾರಿಗೆ ಮೊದಲು ರಕ್ತ ಎಂಬ ನಿರ್ಧಾರ ರಾತ್ರಿ ಪಾಳಿಯ ಟೆಕ್ನಿಷಿಯನ್ ಒಬ್ಬರ ತಲೆಗೆ ಬರಬಾರದು. ಮೂವರು ಹಿರಿಯ ವೈದ್ಯರ ಹೆಸರು, ಫೋನ್ ನಂಬರ್ ಆ ಬಿಳಿ ಬೋರ್ಡಿನ ಮೇಲಿರಲಿ.