ಸಾವಿರ ಗಜಕ್ಕೆ ಯಾವ ತೋಟಾ, ಎಷ್ಟುದ್ದ ನಳಿಗೆ?

ಟೆಕ್ಸಾಸ್‌ನಲ್ಲಿರುವ ಅಳಿಯ ಮೊನ್ನೆ ಫೋನ್ ಮಾಡಿದ್ದ. ಅಲ್ಲಿನ ರೇಂಜಿನಲ್ಲಿ ಸಾವಿರ ಗಜದ ಗುರಿಗೆ ಹೊಡೆಯಬೇಕಂತೆ. "ಮಾವ, .300 ವಿಂಚೆಸ್ಟರ್ ಮ್ಯಾಗ್ನಮ್ ತಗೊಳ್ಳಲಾ? ನಳಿಗೆ ಉದ್ದ ಇದ್ದಷ್ಟೂ ಒಳ್ಳೇದಲ್ವಾ?"

ಮೂಡಿಗೆರೆಯ ನಮ್ಮ ಮನೆಯಲ್ಲಿರುವುದು ಬೆಳೆ ಕಾಯುವ ಜೋಡುನಳಿಗೆ ಕೋವಿ. ಅದಕ್ಕೆ ಸಾವಿರ ಗಜದ ಮಾತೇ ಇಲ್ಲ. ಆದರೆ ಹೋದ ವರ್ಷ ಮೂರು ತಿಂಗಳು ಅಲ್ಲಿದ್ದಾಗ ಅವನ ಗೆಳೆಯರ ರೈಫಲ್‌ಗಳಲ್ಲಿ ಹೊಡೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಮ್ಯಾಗ್ನಮ್ ಬೇಡ ಅಂದೆ. ಅದರ ಒದೆತಕ್ಕೆ ಇಪ್ಪತ್ತನೇ ತೋಟಾ ಹೊತ್ತಿಗೆ ನನ್ನ ಭುಜ ಊದಿತ್ತು. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹಾಗಾದ ಮೇಲೆ ಗುರಿ ಎಲ್ಲಿಯದು?

ನೋಡಬೇಕಾದ್ದು ಒಂದೇ: ಗುರಿ ಮುಟ್ಟುವವರೆಗೂ ಗುಂಡು ಶಬ್ದಕ್ಕಿಂತ ಜೋರಾಗಿ ಓಡಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದರ ಹತ್ತಿರಕ್ಕೆ ಇಳಿದಾಗ ಗುಂಡು ಅಲುಗಾಡಿ ದಾರಿ ತಪ್ಪಬಹುದು. 1952ರಲ್ಲಿ ಬಂದ .308 ವಿಂಚೆಸ್ಟರ್ ಒಳ್ಳೆಯ ತೋಟಾ, ನಳಿಗೆಯೂ ಐದು ಸಾವಿರ ಹೊಡೆತ ತಾಳೀತು. ಆದರೆ ಸಾವಿರ ಗಜಕ್ಕೆ ಅದು ಏದುಸಿರು ಬಿಡುತ್ತದೆ. 6.5 ಕ್ರೀಡ್‌ಮೂರ್ ಎಂಬ ತೋಟಾದ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ತೆಳ್ಳಗೆ, ಉದ್ದಕ್ಕಿದೆ. ಗಾಳಿ ಅದನ್ನು ಕಡಿಮೆ ತಳ್ಳುತ್ತದೆ, ಒದೆತವೂ ಕಡಿಮೆ. ನಳಿಗೆ ಮಾತ್ರ ಎರಡು-ಮೂರು ಸಾವಿರ ಹೊಡೆತಕ್ಕೆ ಸವೆಯುತ್ತದೆ. ಅಷ್ಟು ಹೊಡೆಯಲು ಅಳಿಯನಿಗೆ ಭಾನುವಾರಗಳೇ ಸಾಲವು, ಬಿಡಿ.

ಇನ್ನು ಉದ್ದ. ನಳಿಗೆ ಉದ್ದವಾದರೆ ವೇಗ ಜಾಸ್ತಿಯಾಗುತ್ತದೆ, ಅಷ್ಟರಿಂದಲೇ ಗುರಿ ನಿಖರವಾಗಿಬಿಡುವುದಿಲ್ಲ. ಈ ತೋಟಾಗಳಲ್ಲಿ ಒಂದು ಇಂಚಿಗೆ ಸಿಗುವುದು ಸೆಕೆಂಡಿಗೆ ಸುಮಾರು 20-25 ಅಡಿ, ಅಷ್ಟೆ. ದೋಟಿ ಹಿಡಿದು ಹಣ್ಣು ಕಿತ್ತವರಿಗೆ ಉಳಿದದ್ದು ಗೊತ್ತು: ಉದ್ದ ಸಣಕಲು ದೋಟಿಯ ತುದಿ ಓಲಾಡುತ್ತದೆ, ಗಿಡ್ಡ ದಪ್ಪನೆಯದು ಅಲ್ಲಾಡದು. ಹಾಗಾಗಿ 24 ಇಂಚು, ದಪ್ಪ ನಳಿಗೆ ಸಾಕು. ಮಲಗಿ ಮಾತ್ರ ಹೊಡೆಯುವವರು 26ಕ್ಕೆ ಹೋಗಲಿ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ತಿರುಪು ಎಂಟು ಇಂಚಿಗೆ ಒಂದು ಸುತ್ತು ಇರಲಿ, ಇಲ್ಲದಿದ್ದರೆ ಉದ್ದ ಗುಂಡು ನೆಟ್ಟಗೆ ಹೋಗದು.

ಅಭ್ಯಾಸಕ್ಕೊಂದು .22, ಅಂದರೆ ಚಿಕ್ಕ ತೋಟಾದ ರೈಫಲ್ ಇರಲಿ. ಅದಕ್ಕೆ 16-18 ಇಂಚಿನಾಚೆ ವೇಗ ಹೆಚ್ಚುವುದು ಅಷ್ಟಕ್ಕಷ್ಟೆ.

ಎತ್ತರವನ್ನೂ ಮರೆಯಬೇಡಿ. ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬ ಸಮುದ್ರ ಮಟ್ಟದ ಲೆಕ್ಕ ನಮ್ಮ ಮುಳ್ಳಯ್ಯನಗಿರಿಯಂಥ 1,900 ಮೀಟರ್ ಎತ್ತರದಲ್ಲಿ ನಡೆಯದು. ಅಲ್ಲಿ ಗಾಳಿ ತೆಳು, ಗುಂಡು ಗುರಿಗಿಂತ ಮೇಲೆ ತಾಗುತ್ತದೆ.

ಅಳಿಯ 24 ಇಂಚಿನ ಕ್ರೀಡ್‌ಮೂರ್ ಬುಕ್ ಮಾಡಿದ್ದಾನೆ. ಗುರಿ ನೋಡುವ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ದುಡ್ಡು ಸಾಲದಂತೆ. ನಿನ್ನೆ ಫೋನ್ ಮಾಡಿ ಸುಮ್ನೆ ಎಂಬಂತೆ ರೊಬಸ್ಟಾ ಕಾಫಿಯ ರೇಟು ಕೇಳಿದ.