ಮುಲುಂಡ್‌ನ ನಾಟ್ಯ ಕ್ಲಾಸಿಗೆ ಮೊಬೈಲಿನಿಂದ ಮಕ್ಕಳು ಬಂದದ್ದು ಹೇಗೆ

ಡಾನ್ಸ್ ಕ್ಲಾಸಿನ ಆನ್‌ಲೈನ್ ಪ್ರಚಾರ ಅಂದ ಕೂಡಲೇ ಎಲ್ಲರೂ ರೀಲ್ಸ್ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ವ್ಯೂಸ್, ಎಷ್ಟು ಫಾಲೋವರ್ಸ್, ಯಾವ ಹಾಡು ಈಗ ಓಡುತ್ತಿದೆ. ನಾನು ಮುಂಬಯಿಯ ಮುಲುಂಡ್ ಪೂರ್ವದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಹಾಲ್ ಬಾಡಿಗೆಗೆ ಹಿಡಿದು ಭರತನಾಟ್ಯ ಹೇಳಿಕೊಡುತ್ತೇನೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ನಡೆದೇ ಬರುವವರು, ಉಳಿದವರು ಹತ್ತು ನಿಮಿಷದ ರಿಕ್ಷಾದವರು. ಏಳು ವರ್ಷದ ಮಗಳನ್ನು ವಾರಕ್ಕೆ ಎರಡು ಸಂಜೆ ಸ್ಟೇಷನ್ ಬ್ರಿಡ್ಜ್ ಹತ್ತಿಸಿ ಇಳಿಸಿ ಕ್ಲಾಸಿಗೆ ಕರೆತರುವ ತಾಯಿ ಮುಂಬಯಿಯಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಮಳೆಗಾಲ ಬಂದಾಗ ನಿಲ್ಲಿಸುತ್ತಾಳೆ. ಹಾಗಾಗಿ ನನಗೆ ಬೇಕಿದ್ದದ್ದು ಲೋಕವಲ್ಲ, ನಮ್ಮ ನಾಲ್ಕೈದು ರಸ್ತೆ. ಮೊಬೈಲಿನಲ್ಲಿ ನಾನು ಮಾಡಿದ್ದೆಲ್ಲ ಆ ನಾಲ್ಕೈದು ರಸ್ತೆಯನ್ನು ಹಿಡಿಯೋದಕ್ಕೆ.

ಒಂದು ರೀಲ್ ನನ್ನದೂ ಓಡಿತು, ಹೇಳಿಬಿಡುತ್ತೇನೆ. ಮುಖ ಯಾರದೂ ಇಲ್ಲ. ಮಣೆಯ ಮೇಲೆ ಕೋಲು ಬೀಳುವ ಸದ್ದು, ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ಆರು ಜೋಡಿ ಕಾಲು, ನಾಟ್ಟಡವು ಅನ್ನುವ ಹೆಜ್ಜೆ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಮೂರನೇ ಕಾಲಕ್ಕೆ ಬಂದಾಗ ಕೊನೆಯಲ್ಲಿ ನಿಂತ ಪುಟ್ಟವಳ ಕಾಲು ಒಂದು ತಟ್ಟು ಹಿಂದೆ ಬಿದ್ದು, ಓಡಿ ಬಂದು ಮತ್ತೆ ತಾಳಕ್ಕೆ ಸೇರಿಕೊಳ್ಳುತ್ತದೆ. ಜನರಿಗೆ ಹಿಡಿಸಿದ್ದು ಅದೇ ಇರಬೇಕು. ಇನ್‌ಸೈಟ್ಸ್ ತೆರೆದು ಯಾವ ಊರಿನವರು ನೋಡಿದ್ದಾರೆ ಅಂತ ನೋಡಿದರೆ ಪಾಟ್ನಾ, ಇಂದೋರ್, ಕೊಚ್ಚಿ. ಆ ರೀಲ್‌ನಿಂದ ಸೇರಿದ ಮಕ್ಕಳು ಸೊನ್ನೆ. ಹಾಗಂತ ರೀಲ್ಸ್ ದಂಡ ಅಂತಲ್ಲ. ಬೇರೆ ಕಡೆಯಿಂದ ನಮ್ಮ ಹೆಸರು ತಿಳಿದ ತಾಯಂದಿರು ಫೋನ್ ಮಾಡುವ ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಒಮ್ಮೆ ಇಣುಕುತ್ತಾರೆ. ಇಣುಕಿದಾಗ ಅಲ್ಲಿ ಏನಾದರೂ ಇರಬೇಕು, ಅದೂ ಹೋದ ತಿಂಗಳದ್ದು, ಮೂರು ವರ್ಷ ಹಳೆಯದ್ದಲ್ಲ. ಅಷ್ಟು ಸಾಕು.

ನಿಜವಾಗಿ ಕೆಲಸ ಮಾಡಿದ್ದು ಗೂಗಲ್ ಮ್ಯಾಪ್. ಹೊಸದಾಗಿ ಫ್ಲ್ಯಾಟ್‌ಗೆ ಬಂದವರು, ಮಗಳನ್ನು ಸೇರಿಸಬೇಕು ಅಂತ ರಾತ್ರಿ ಹಾಸಿಗೆಯಲ್ಲಿ ಕೂತು ಹತ್ತಿರದ ಕ್ಲಾಸ್ ಹುಡುಕುವವರು ಮೊದಲು ನೋಡುವುದು ಅಲ್ಲಿಯೇ. ಆ ಮ್ಯಾಪ್‌ನಲ್ಲಿ ನಮ್ಮ ಕ್ಲಾಸ್ ಕಾಣಿಸಲು ಮಾಡಿಕೊಳ್ಳುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಅಂತಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಸ್ವಲ್ಪ ತಲೆನೋವು ಇರುವುದು ವೆರಿಫಿಕೇಶನ್‌ನಲ್ಲಿ. ನನಗೆ ವಿಡಿಯೊ ಕೇಳಿತು. ಒಂದೇ ಉಸಿರಿಗೆ, ಕಟ್ ಮಾಡದೆ, ರಸ್ತೆಯಿಂದ ಶುರು ಮಾಡಿ ಜಾಗ ತೋರಿಸಬೇಕು, ಬೋರ್ಡ್ ತೋರಿಸಬೇಕು, ಈ ಜಾಗ ನಡೆಸುವವರು ನೀವೇ ಅನ್ನುವುದಕ್ಕೆ ಬೀಗ ತೆಗೆಯುವುದನ್ನೋ ಒಳಗಿನ ಸಾಮಾನನ್ನೋ ತೋರಿಸಬೇಕು. ನಮ್ಮದು ಬಾಡಿಗೆ ಹಾಲ್, ಬೋರ್ಡ್ ಎಲ್ಲಿಂದ ಬರಬೇಕು? ಹೊರಗೆ ಬೋರ್ಡ್ ಹಾಕೋಕೆ ಕಮಿಟಿ ಮೀಟಿಂಗ್ ಆಗಬೇಕು ಅಂದರು ಸೆಕ್ರೆಟರಿ. ಹಾಲಿನ ಬಾಗಿಲ ಒಳಮೈಗೆ ಕ್ಲಾಸಿದ್ದಾಗ ಮಾತ್ರ ಒಂದು ಸಣ್ಣ ಫ್ಲೆಕ್ಸ್ ನೇತುಹಾಕಲು ಒಪ್ಪಿಸಿದೆ.

ಆಮೇಲೆ ಒಂದು ಮಧ್ಯಾಹ್ನ ಫೋನ್ ಕೈಯಲ್ಲಿ ಹಿಡಿದು ರಸ್ತೆಯ ಹೆಸರಿನ ಫಲಕದಿಂದ ನಡೆಯತೊಡಗಿದೆ. ಪಕ್ಕದ ಮೆಡಿಕಲ್ ಸ್ಟೋರ್ ಬೋರ್ಡ್ ಬಂತು, ಸೊಸೈಟಿಯ ಗೇಟ್ ಬಂತು. ಗೇಟಿನಲ್ಲಿ ವಾಚ್‌ಮನ್ ಅಡ್ಡ ಬಂದು ‘ಮ್ಯಾಡಮ್, ಶೂಟಿಂಗ್ ಚಲ್ ರಹಾ ಹೈ ಕ್ಯಾ?’ ಅಂತ ಕ್ಯಾಮೆರಾಕ್ಕೇ ನಗುತ್ತಾ ಕೇಳಿದ. ನಿಲ್ಲಿಸುವ ಹಾಗಿಲ್ಲ, ತಲೆಯಾಡಿಸಿಕೊಂಡೇ ಒಳಗೆ ಹೋದೆ. ಬೀಗ ತೆಗೆದು, ಬಾಗಿಲ ಹಿಂದಿನ ಫ್ಲೆಕ್ಸ್ ತೋರಿಸಿ, ನಟರಾಜನ ಮೂರ್ತಿ, ಮಣೆ, ಕೋಲು, ಗೋಡೆಯ ಮೊಳೆಗೆ ತೂಗಿದ ಗೆಜ್ಜೆ, ಹಾಜರಿ ಪುಸ್ತಕ ಎಲ್ಲ ತೋರಿಸಿದೆ. ವಾಚ್‌ಮನ್ ಇದ್ದ ವಿಡಿಯೊವೇ ಪಾಸಾಯಿತು.

ಪ್ರೊಫೈಲ್‌ನಲ್ಲಿ ಹೆಸರು ಮಾತ್ರ ಫ್ಲೆಕ್ಸ್‌ನಲ್ಲಿ ಇದ್ದ ಹಾಗೇ ಇಡಿ. ‘ಬೆಸ್ಟ್ ಭರತನಾಟ್ಯ ಕ್ಲಾಸ್ ಇನ್ ಮುಲುಂಡ್’ ಅಂತ ಹೆಸರಿಗೆ ಬಾಲ ಅಂಟಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ಲೇ ಹೋಗಬಹುದು. ವಿವರಣೆಯಲ್ಲಿ ಬೇಕಾದ್ದೆಲ್ಲ ಬರೆಯಬಹುದು. ಕನ್ನಡ, ಮರಾಠಿ, ಹಿಂದಿಯಲ್ಲಿ ಪಾಠ ಅಂತ ನಾನು ಬರೆದೆ. ಅದಾದ ಮೇಲೆ ‘ನಿಮ್ಮಲ್ಲಿ ಕನ್ನಡದಲ್ಲೇ ಹೇಳಿಕೊಡ್ತೀರಂತೆ, ಹೌದಾ ಟೀಚರ್?’ ಅಂತ ಕೇಳಿಕೊಂಡು ಬಂದವರೂ ಇದ್ದಾರೆ. ಮನೆಯಲ್ಲಿ ಅಜ್ಜಿ ಬಿಟ್ಟರೆ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ನಮ್ಮ ಕ್ಲಾಸಿನಲ್ಲೇ ಅನ್ನುವ ಸಂಸಾರಗಳು ಈ ಊರಲ್ಲಿ ಎಷ್ಟಿಲ್ಲ!

ರಿವ್ಯೂ ಕೇಳೋಕೆ ನಾಚಿಕೆ ಬೇಡ. ಆದರೆ ಕೇಳುವ ಹೊತ್ತು ನೋಡಿ ಕೇಳಬೇಕು. ನಾಟ್ಯದ ಪರೀಕ್ಷೆಯ ಫಲಿತಾಂಶ ಬಂದ ದಿನ, ವಾರ್ಷಿಕ ಕಾರ್ಯಕ್ರಮದ ಮರುದಿನ, ಅಪ್ಪ ಅಮ್ಮ ಇನ್ನೂ ಫೋಟೊ ನೋಡುತ್ತಾ ಕೂತಿರುವಾಗ ಲಿಂಕ್ ಕಳಿಸಿದರೆ ಬರೆಯುತ್ತಾರೆ. ವಾರ ಬಿಟ್ಟರೆ ಯಾರೂ ಬರೆಯುವುದಿಲ್ಲ. ರಿವ್ಯೂ ಬರೆದರೆ ಫೀಸಿನಲ್ಲಿ ರಿಯಾಯಿತಿ ಅಂತ ಆಸೆ ತೋರಿಸುವುದನ್ನು ಗೂಗಲ್ ಒಪ್ಪುವುದಿಲ್ಲ, ನನಗೂ ಅದು ಸರಿ ಕಾಣುವುದಿಲ್ಲ. ಮರಾಠಿಯಲ್ಲಿ ಒಂದು, ಗುಜರಾತಿಯಲ್ಲಿ ಒಂದು, ಕನ್ನಡದಲ್ಲಿ ಒಂದು ರಿವ್ಯೂ ಇದ್ದರೆ ಮುಲುಂಡ್‌ನಂಥ ಊರಿನಲ್ಲಿ ಅದೇ ದೊಡ್ಡ ಜಾಹೀರಾತು.

ಪೋಸ್ಟ್‌ಗಳಲ್ಲಿ ಅತಿ ಹೆಚ್ಚು ಫೋನ್ ತಂದದ್ದು ಯಾವುದು ಗೊತ್ತಾ? ನೃತ್ಯದ ವಿಡಿಯೊ ಅಲ್ಲ, ಪರೀಕ್ಷೆಯ ಮಾಹಿತಿ. ಮಹಾರಾಷ್ಟ್ರದಲ್ಲಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗೆ ಕೂರಿಸುವುದು ರೂಢಿ: ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ, ಆಮೇಲೆ ವಿಶಾರದ. ಶಾಸ್ತ್ರೀಯ ಕಲೆಯಲ್ಲಿ ಇಂಥ ಪರೀಕ್ಷೆ ಪಾಸಾದ ಮಕ್ಕಳಿಗೆ ರಾಜ್ಯ ಬೋರ್ಡಿನ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ಯಾವ ಮಟ್ಟಕ್ಕೆ ಯಾವ ವಯಸ್ಸಿನಲ್ಲಿ ಹೊರಟರೆ ಹತ್ತನೇ ತರಗತಿಗೆ ಸರಿಹೋಗುತ್ತದೆ ಅಂತ ನಾನು ಸರಳವಾಗಿ ಒಂದು ಪುಟದಲ್ಲಿ ಬರೆದು ಹಾಕಿದೆ. ಆ ಪುಟ ತಾಯಂದಿರ ಶಾಲೆ ಗ್ರೂಪ್‌ಗಳಲ್ಲಿ ತಾನೇ ತಿರುಗಿತು. ಅಂಕಕ್ಕಾಗಿ ನಾಟ್ಯ ಕಲಿಯಬೇಕಾ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಅಂಕಕ್ಕೆ ಬಂದ ಹುಡುಗಿಯೂ ಮೊದಲ ನೃತ್ಯ ಅಲರಿಪು ಮಾಡುವ ಹೊತ್ತಿಗೆ ಅಂಕ ಮರೆತಿರುತ್ತಾಳೆ.

ಈಗ ಹಾಡಿನ ರಗಳೆ. ಸಿ.ಡಿ.ಯಿಂದ ಹಾಕಿದ ಹಾಡಿಗೆ ನಿಮ್ಮ ಮಕ್ಕಳು ಕುಣಿದ ವಿಡಿಯೊ ಯೂಟ್ಯೂಬ್‌ಗೆ ಹಾಕಿ ನೋಡಿ, ಈ ಹಾಡಿನ ಹಕ್ಕು ನಮ್ಮದು ಅಂತ ಕಂಪನಿಯ ಕ್ಲೇಮ್ ಬರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಸದ್ದೇ ಅಡಗಬಹುದು. ದಾಸರ ಪದಕ್ಕೆ ಎಂಥ ಹಕ್ಕು ಅಂತ ಸಿಟ್ಟು ಬರುತ್ತದೆ ಅಲ್ವಾ? ಪದಕ್ಕೆ ಹಕ್ಕಿಲ್ಲ, ನಿಜ. ಆದರೆ ಅದನ್ನು ಹಾಡಿಸಿ ಮುದ್ರಿಸಿದ ರೆಕಾರ್ಡಿಂಗ್‌ಗೆ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇದೆ. ಬಿಸಿನೆಸ್ ಅಕೌಂಟ್ ಇಟ್ಟುಕೊಂಡರೆ ಇನ್‌ಸ್ಟಾಗ್ರಾಮ್‌ನ ಸಿನಿಮಾ ಹಾಡುಗಳೂ ಬಹುಪಾಲು ಸಿಗುವುದಿಲ್ಲ. ನಾನು ಕಂಡುಕೊಂಡ ದಾರಿ ಸುಲಭದ್ದು: ಮಣೆ, ಕೋಲು, ನನ್ನ ಬಾಯಿಯ ಸೊಲ್ಲುಕಟ್ಟು, ಅಂದರೆ ತಾಳಕ್ಕೆ ಹೇಳುವ ಬೋಲು. ತೈಯಾ ತೈಗೆ ಕ್ಲೇಮ್ ಹಾಕಲು ಯಾವ ಕಂಪನಿಯೂ ಬರುವುದಿಲ್ಲ. ಹಾಡೇ ಬೇಕಾದಾಗ ಗೆಳತಿಯೊಬ್ಬಳು ಶ್ರುತಿ ಇಟ್ಟುಕೊಂಡು ಹಾಡುತ್ತಾಳೆ, ಫೋನಿನಲ್ಲೇ ಮುದ್ರಿಸುತ್ತೇನೆ. ಫ್ಯಾನ್ ಆರಿಸಬೇಕು, ಅಷ್ಟೇ.

ಮಕ್ಕಳ ಮುಖದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸೇರುವ ಫಾರ್ಮಿನಲ್ಲೇ ಬೇರೆ ಸಾಲು ಇದೆ: ಫೋಟೊ, ವಿಡಿಯೊ ಹಾಕಬಹುದೇ, ಹೌದು ಅಥವಾ ಇಲ್ಲ, ತಂದೆ ಅಥವಾ ತಾಯಿಯ ಸಹಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ನೋಡುತ್ತದೆ, ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಹೆಣ್ಣುಮಕ್ಕಳ ವಿಡಿಯೊ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ. ಶಾಲೆ ಯೂನಿಫಾರ್ಮ್ ಕಾಣಬಾರದು, ಹೆಸರು ಹಾಕುವುದಿಲ್ಲ, ಯಾವ ದಿನ ಯಾವ ಹೊತ್ತಿಗೆ ಯಾವ ಬ್ಯಾಚ್ ಅಂತ ಮುಖದ ಜೊತೆ ಬರೆಯುವುದಿಲ್ಲ. ಕಾಲು, ಕೈ, ಹಸ್ತಮುದ್ರೆ, ಗೆಜ್ಜೆ ಕಟ್ಟುವ ಬೆರಳು, ಬೆನ್ನ ಹಿಂದಿನ ಜಡೆ, ಇಷ್ಟರಲ್ಲೇ ಚೆಂದದ ವಿಡಿಯೊ ಆಗುತ್ತದೆ.

ವಾಟ್ಸಾಪ್ ಇಲ್ಲದೆ ಮುಂಬಯಿಯಲ್ಲಿ ಕ್ಲಾಸ್ ನಡೆಸೋಕೆ ಆಗುವುದಿಲ್ಲ. ಸಾದಾ ವಾಟ್ಸಾಪ್ ಬಿಟ್ಟು ಬೇರೆ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡೆ. ವಿಳಾಸ, ಮ್ಯಾಪ್ ಲಿಂಕ್, ಬ್ಯಾಚ್ ಸಮಯ, ಫೀಸು ಎಲ್ಲಕ್ಕೂ ಕ್ವಿಕ್ ರಿಪ್ಲೈ ಇದೆ, ‘/’ ಒತ್ತಿ ಬೇಕಾದ್ದನ್ನು ಆರಿಸಿದರೆ ಪೂರ್ತಿ ಉತ್ತರ ಸಿದ್ಧ. ತಾಯಂದಿರು ವಿಚಾರಿಸುವುದು ರಾತ್ರಿ ಒಂಬತ್ತೂವರೆ ಮೇಲೆ, ಅಡುಗೆಮನೆ ಕೆಲಸ ಮುಗಿದ ಮೇಲೆ. ಆಗಲೇ ಉತ್ತರ ಕೊಟ್ಟರೆ ಮರುದಿನ ಟ್ರಯಲ್‌ಗೆ ಬರುತ್ತಾರೆ. ಬೆಳಿಗ್ಗೆ ಕೊಟ್ಟರೆ ಅಷ್ಟರಲ್ಲಿ ಇನ್ನೊಬ್ಬರ ಕ್ಲಾಸಿಗೆ ಮಾತಾಡಿರುತ್ತಾರೆ. ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಹಾಕಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅದಕ್ಕೆ ಟ್ರಯಲ್ ದಿನವೇ ‘ನಂಬರ್ ಸೇವ್ ಮಾಡ್ಕೊಳ್ಳಿ, ರಜೆ ಇದ್ದರೆ ತಿಳಿಸ್ತೇನೆ’ ಅಂತ ಎದುರಿಗೇ ಸೇವ್ ಮಾಡಿಸುತ್ತೇನೆ. ಪಾಲಕರ ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಟ್ಟಿದ್ದೇನೆ. ಇಲ್ಲವಾದರೆ ದಿನ ಬೆಳಗಾದರೆ ಗುಡ್ ಮಾರ್ನಿಂಗ್ ಹೂವಿನ ರಾಶಿ.

ಫೀಸು ಬರೆಯಬೇಕಾ ಬೇಡವಾ ಅಂತ ದೊಡ್ಡ ಚರ್ಚೆ ನಡೆಯುತ್ತದೆ. ಮೆಸೇಜ್ ಮಾಡಿದರೆ ಹೇಳುತ್ತೇವೆ ಅನ್ನುವವರೇ ಜಾಸ್ತಿ. ನಾನು ಬರೆದುಬಿಡುತ್ತೇನೆ. ಆಗದವರು ಸುಮ್ನೆ ಹೋಗುತ್ತಾರೆ, ನನ್ನ ಸಮಯ ಉಳಿಯುತ್ತದೆ. ಡ್ರೆಸ್, ಆಭರಣ, ಪರೀಕ್ಷೆ ಫೀಸು ಬೇರೆ ಅನ್ನುವುದನ್ನೂ ಅಲ್ಲೇ ಬರೆಯಬೇಕು, ಜಗಳವೆಲ್ಲ ಬರುವುದು ಆ ಖರ್ಚಿನ ಮೇಲೆಯೇ.

ಹಣ ಕೊಟ್ಟು ಜಾಹೀರಾತು ಹಾಕಿದ್ದೂ ಇದೆ, ಸಣ್ಣ ಮೊತ್ತಕ್ಕೆ. ಇನ್‌ಸ್ಟಾಗ್ರಾಮ್ ಮ್ಯಾಪ್ ಮೇಲೆ ವೃತ್ತ ಎಳೆಯಲು ಹೇಳುತ್ತದೆ, ಇಷ್ಟು ಕಿಲೋಮೀಟರ್ ಸುತ್ತಲಿನವರಿಗೆ ತೋರಿಸು ಅಂತ. ಮುಲುಂಡ್‌ನಲ್ಲಿ ಕೂತು ದೊಡ್ಡ ವೃತ್ತ ಎಳೆದರೆ ಪಶ್ಚಿಮಕ್ಕೆ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್, ಪೂರ್ವಕ್ಕೆ ಥಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಚಿರತೆಗಳಾಗಲಿ ಫ್ಲೆಮಿಂಗೊಗಳಾಗಲಿ ಅಡವು ಕಲಿಯಲು ಬರುವುದಿಲ್ಲ. ಖಾಡಿಯ ಆಚೆ ಐರೋಲಿ, ಸೇತುವೆ ಇದೆ ನಿಜ, ಸಂಜೆ ಆ ಟ್ರಾಫಿಕ್ಕಿನಲ್ಲಿ ಮಗು ಕಟ್ಟಿಕೊಂಡು ಯಾರು ಬರುತ್ತಾರೆ? ವೃತ್ತ ಸಣ್ಣದು ಮಾಡಿ, ಐರೋಲಿಯನ್ನು ಬಿಟ್ಟುಹಾಕಿ, ಹೆಂಗಸರು, 28ರಿಂದ 45 ವಯಸ್ಸು ಅಂತ ಇಟ್ಟೆ. ಬಿಲ್ಲಿನ ಮೇಲೆ 18% ಜಿ.ಎಸ್.ಟಿ. ಬೀಳುತ್ತದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಯಾವಾಗ ಹಾಕಬೇಕು ಅನ್ನುವುದು ಎಷ್ಟು ಹಾಕಬೇಕು ಅನ್ನುವುದಕ್ಕಿಂತ ಮುಖ್ಯ. ಮೇ ತಿಂಗಳಲ್ಲಿ ಸಮ್ಮರ್ ಕ್ಯಾಂಪ್ ಅಂತ ಎಲ್ಲರೂ ದುಡ್ಡು ಸುರಿಯುತ್ತಾರೆ. ನಮ್ಮವರು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿರುತ್ತಾರೆ, ಉಡುಪಿಯಲ್ಲೋ ಕುಂದಾಪುರದಲ್ಲೋ ಮಾವಿನ ಮರದ ಕೆಳಗೆ ಇರುತ್ತಾರೆ. ಕೊಂಕಣದ ಮರಾಠಿಗರದ್ದೂ ಅದೇ ಕಥೆ. ಶಾಲೆ ಶುರುವಾಗುವ ಜೂನ್ ಮಧ್ಯ, ಮತ್ತೆ ವಿಜಯದಶಮಿಗೆ ಎರಡು ವಾರ ಮುಂಚೆ, ಈ ಎರಡೇ ಸಲ ನಾನು ಹಣ ಹಾಕುವುದು. ವಿಜಯದಶಮಿಗೆ ವಿದ್ಯಾರಂಭ ಮಾಡಿಸುವ ಮನೆಗಳು ಈಗಲೂ ಬೇಕಾದಷ್ಟಿವೆ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಕರೆದರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಕಾರ್ಯಕ್ರಮದ ಸುದ್ದಿ ಇಲ್ಲಿನ ಕನ್ನಡ ಪತ್ರಿಕೆ ‘ಕರ್ನಾಟಕ ಮಲ್ಲ’ದಲ್ಲಿ ಬಂದರೆ ಅದರ ಫೋಟೊ ಸ್ಟೇಟಸ್‌ಗೆ ಹಾಕುತ್ತೇನೆ. ಮಗುವಿನ ತಾಯಿಗೆ ರೀಲ್ ಕಳಿಸಿದರೆ ನೋಡಿ ಬಿಡುತ್ತಾಳೆ, ಪೇಪರ್ ಕಟಿಂಗ್ ನೋಡಿದ ಅಜ್ಜಿ ಮಾತ್ರ ಮೊಮ್ಮಗಳನ್ನು ಕೈಹಿಡಿದು ಕರೆದುಕೊಂಡೇ ಬರುತ್ತಾರೆ.

ಎಚ್ಚರ ಬೇಕಾದ ಎರಡು ಕಡೆ ಇವೆ. ಒಂದು, ಕ್ಲಾಸ್ ಹುಡುಕುವವರ ನಂಬರ್‌ಗಳನ್ನು ನಮಗೆ ಮಾರುವ ವೆಬ್‌ಸೈಟ್‌ಗಳು. ವರ್ಷದ ಪ್ಯಾಕೇಜ್ ತಗೊಳ್ಳಿ ಅಂತ ದಿನಾ ಫೋನ್. ಒಂದರಲ್ಲಿ ಸೇರಿದ್ದೆ, ಬಂದ ನಂಬರ್‌ಗಳಲ್ಲಿ ಮದುವೆಗೆ ಸಂಗೀತ್ ಡಾನ್ಸ್ ಬೇಕು ಅನ್ನುವವರೇ ಜಾಸ್ತಿ. ಮುಂದಿನ ವರ್ಷ ನವೀಕರಿಸಲಿಲ್ಲ. ಇನ್ನೊಂದು, ಸೈನ್ಯದ ಹೆಸರಿನ ಮೋಸ. ‘ನಾನು ಆರ್ಮಿಯಲ್ಲಿದ್ದೇನೆ, ಮುಲುಂಡ್‌ಗೆ ವರ್ಗಾವಣೆ ಆಗಿದೆ, ಇಬ್ಬರು ಹೆಣ್ಣುಮಕ್ಕಳು, ಮೂರು ತಿಂಗಳ ಫೀಸು ಈಗಲೇ ಕಳಿಸ್ತೇನೆ’ ಅಂತ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಕ್ಲಾಸಿನ ಜಾಗ, ಸಮಯ ಏನೂ ಕೇಳುವುದಿಲ್ಲ, ಅದೇ ಗುರುತು. ಆಮೇಲೆ ಕ್ಯೂ.ಆರ್. ಕೋಡ್ ಕಳಿಸಿ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಹಣ ಬರುತ್ತದೆ ಅನ್ನುತ್ತಾರೆ. ಯು.ಪಿ.ಐ.ನಲ್ಲಿ ಹಣ ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ನಂಬರ್ ಆನ್‌ಲೈನ್‌ನಲ್ಲಿ ಹಾಕಿದ ಎಲ್ಲ ಟ್ಯೂಶನ್, ಡಾನ್ಸ್, ಸಂಗೀತದ ಟೀಚರ್‌ಗಳಿಗೂ ಈ ಫೋನ್ ಬರುತ್ತದೆ. ಹಣ ಹೋದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಅಂತ ಒಂದಿದೆ. ವಿಚಾರಿಸಿದವರಿಗೆ ಒಂದು ಬಣ್ಣ, ಟ್ರಯಲ್‌ಗೆ ಬಂದವರಿಗೆ ಒಂದು, ಸೇರಿದವರಿಗೆ ಒಂದು. ನಾನು ಇನ್ನೊಂದು ಸೇರಿಸಿದೆ, ‘ಪಶ್ಚಿಮ’ ಅಂತ: ಕೇಳಿ, ಇಷ್ಟಪಟ್ಟು, ರೈಲು ಹಳಿ ದಾಟಿ ಮುಲುಂಡ್ ಪಶ್ಚಿಮದಿಂದ ಬರೋಕಾಗಲ್ಲ ಅಂದವರು. ವರ್ಷದ ಕೊನೆಗೆ ತೆರೆದು ನೋಡಿದರೆ ಆ ಲೇಬಲ್ಲೇ ಎಲ್ಲಕ್ಕಿಂತ ಉದ್ದ. ಹಾಗಾಗಿ ಈ ಜೂನ್‌ನಿಂದ ಮಂಗಳವಾರ, ಶುಕ್ರವಾರ ಪಶ್ಚಿಮದಲ್ಲೂ ಒಂದು ಹಾಲ್ ಹಿಡಿದಿದ್ದೇನೆ. ಜಾಹೀರಾತು ಹಾಕಲಿಲ್ಲ, ಆ ಲೇಬಲ್‌ನಲ್ಲಿ ಇದ್ದವರಿಗಷ್ಟೇ ಒಂದು ಮೆಸೇಜ್ ಕಳಿಸಿದೆ. ಮೊದಲ ಬ್ಯಾಚ್ ತುಂಬಿದೆ, ಐದೂವರೆಗೆ ಎರಡನೆಯದು ಶುರು ಮಾಡಬೇಕು ಅಂತಿದ್ದೇನೆ.