ಟೈಗರ್ ಮಾತ್ ರೆಕ್ಕೆಗೆ ಹೊಸ ಬಟ್ಟೆ ಹೊದಿಸುವುದು: ನನ್ನ ಅನುಭವ

ಡಿ ಹ್ಯಾವಿಲ್ಯಾಂಡ್ ಟೈಗರ್ ಮಾತ್ 1931ರಲ್ಲಿ ಮೊದಲು ಹಾರಿದ ಬ್ರಿಟಿಷ್ ತರಬೇತಿ ವಿಮಾನ. ಒಡಲಿಗೆ ಉಕ್ಕಿನ ಕೊಳವೆಯ ಚೌಕಟ್ಟು, ರೆಕ್ಕೆಗೆ ಸ್ಪ್ರೂಸ್ ಮರ, ಅದರ ಮೇಲೆ ಬಟ್ಟೆ. ಬಟ್ಟೆ ಬದಲಿಸುವುದೆಂದರೆ ಮನೆಗೆ ಸುಣ್ಣ ಹೊಡೆಸಿದಂತೆ ಎಂದುಕೊಂಡವರು ಬಹಳ. ನಾನಂತೂ ಬಟ್ಟೆ ಬಿಚ್ಚುವುದೇ ಮರ ನೋಡುವುದಕ್ಕೆ. ಹೊಸ ಹೊದಿಕೆ ಬಿದ್ದರೆ ಆ ಮರ ಮತ್ತೆ ಪೂರ್ತಿ ಕಣ್ಣಿಗೆ ಬೀಳುವುದು ಎಷ್ಟೋ ವರ್ಷಗಳ ಮೇಲೆ.

ಹಳೆಯ ಬಟ್ಟೆಯನ್ನು ಎಳೆದು ಹರಿಯಬಾರದು. ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬಾದ ಪ್ರತಿ ರಿಬ್‌ಗೂ ಅದನ್ನು ದಾರದಿಂದ ಹೊಲಿದಿರುತ್ತಾರೆ. ಎಳೆದರೆ ರಿಬ್‌ನ ತೆಳು ಪಟ್ಟಿ ಸೀಳುತ್ತದೆ. ಮೇಲಿಂದಲೂ ಕೆಳಗಿಂದಲೂ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸುತ್ತೇನೆ. ಅದಕ್ಕೂ ಮೊದಲು ಹೊಲಿಗೆಗಳ ಅಂತರ, ಹೊಲಿಗೆಯ ಮೇಲೆ ಅಂಟಿಸುವ ಟೇಪಿನ ಅಗಲ, ತಪಾಸಣೆ ಕಿಂಡಿಗಳ ಜಾಗ ಎಲ್ಲವನ್ನೂ ಅಳೆದು ಬರೆದು, ಫೋಟೊ ತೆಗೆದುಕೊಳ್ಳುತ್ತೇನೆ. ಗುರುತು, ಸಂಖ್ಯೆ ಇರುವ ತುಂಡುಗಳನ್ನು ಸುತ್ತಿ ಎತ್ತಿಡಬೇಕು. ಬಣ್ಣದ ಪದರಗಳು ವಿಮಾನದ ಸೇವಾ ಚರಿತ್ರೆಯನ್ನೇ ಹೇಳುತ್ತವೆ. ಹಾರದೆ ಮ್ಯೂಸಿಯಂನಲ್ಲೇ ನಿಲ್ಲುವ ವಿಮಾನವಾದರೆ ಮೂಲ ಬಟ್ಟೆಯನ್ನು ಬಿಚ್ಚಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೆಯ ರೆಕ್ಕೆಗಳಲ್ಲಿ ಹಾಲಿನಿಂದ ತೆಗೆದ ಕೇಸೀನ್ ಅಂಟು ಸಿಗಬಹುದು. ತೇವ ತಗುಲಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ, ಜೋಡಣೆಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅಂಟು ಸತ್ತಿದೆ ಎಂದೇ ಲೆಕ್ಕ. ಸಂದು ಅಳೆಯುವ ಲೋಹದ ಪಟ್ಟಿ, ಅಂದರೆ ಅತಿ ತೆಳುವಾದ ಫೀಲರ್ ಗೇಜ್, ಜೋಡಣೆಯೊಳಗೆ ನುಗ್ಗಿದರೆ ಅದನ್ನು ಬಿಚ್ಚಿ ಹೊಸದಾಗಿ ಮಾಡಬೇಕು. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯಾದ ಸ್ಪಾರ್‌ನಲ್ಲಿ ಬೋಲ್ಟ್ ತೂತುಗಳ ಸುತ್ತ ಕಪ್ಪು ಕಲೆ ಇದೆಯೇ ನೋಡಿ. ಇದ್ದರೆ ನೀರು ಇಳಿದು ಉಕ್ಕು ತುಕ್ಕು ಹಿಡಿದಿದೆ. ಮರದ ಎಳೆಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೆರೆ ಕಂಡರೆ ಇನ್ನೂ ಅಪಾಯ. ಅದು ಒತ್ತಡದಿಂದ ಎಳೆಗಳು ಮಡಿಚಿಕೊಂಡ ಗುರುತು, ಅಂಥ ಸ್ಪಾರ್ ಹಾರಾಟಕ್ಕೆ ನಾಲಾಯಕ್ಕು. ಓರೆಯಾದ ಬೆಳಕಿನಲ್ಲಿ, ಹಳೆಯ ವಾರ್ನಿಷ್ ತೆಗೆದ ಮೇಲಷ್ಟೇ ಕಾಣುತ್ತದೆ.

ಸ್ಪಾರ್‌ಗೆ ಹೊಸ ತುಂಡು ಸೇರಿಸಲು 1ಕ್ಕೆ 12ರ ಇಳಿಜಾರಿನ (ದಪ್ಪದ 12 ಪಟ್ಟು ಉದ್ದದ) ಓರೆ ಜೋಡಣೆ ಮಾಡುತ್ತೇನೆ. ಅದನ್ನು ಎಲ್ಲಿ ಮಾಡಬಹುದು, ಎಲ್ಲಿ ಕೂಡದು ಎಂಬುದನ್ನು ದುರಸ್ತಿ ಕೈಪಿಡಿಯೇ ಹೇಳುತ್ತದೆ. ಅಂಟು ರೆಸಾರ್ಸಿನಾಲ್. ಅದಕ್ಕೆ ಸಂದು ತುಂಬುವ ಗುಣವಿಲ್ಲ, ಮೈಗೆ ಮೈ ಕೂತಿರಬೇಕು, ಶೆಡ್ಡಿನಲ್ಲಿ 21 ಡಿಗ್ರಿಗಿಂತ ಕಡಿಮೆ ಇರಕೂಡದು. ಪ್ರತಿ ಸಲ ಕಲಸಿದಾಗಲೂ ಅದೇ ಅಂಟಿನಿಂದ ಎರಡು ಚೂರು ಸ್ಪ್ರೂಸ್ ಅಂಟಿಸಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ಉಳಿಯಿಂದ ಸೀಳುತ್ತೇನೆ. ಮರ ಹರಿದು ಬರಬೇಕು. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟುಕೊಂಡರೆ ಆ ಸಲ ಅಂಟಿಸಿದ್ದೆಲ್ಲ ರದ್ದು.

ಇನ್ನು ಬಟ್ಟೆ. ಮೊದಲಿನ ಪದ್ಧತಿ ಐರಿಷ್ ಲಿನನ್. ಅದರ ಮೇಲೆ ಬಳಿಯುವ ಡೋಪ್ ಎಂಬ ವಾರ್ನಿಷ್‌ನಂಥ ದ್ರವ ಒಣಗುತ್ತಾ ಅದನ್ನು ಬಿಗಿಗೊಳಿಸುತ್ತದೆ. ಈಗ ಬಳಸುವ ಪಾಲಿಯೆಸ್ಟರ್ ಬಟ್ಟೆ ಬಿಗಿಯಾಗುವುದು ಇಸ್ತ್ರಿ ಪೆಟ್ಟಿಗೆಯ ಕಾವಿಗೆ: ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಗೆ 175. 190 ದಾಟಿತೆಂದರೆ ಬಿಗಿ ಕಳೆದುಕೊಳ್ಳುತ್ತದೆ. ಪೆಟ್ಟಿಗೆಯ ಗುಂಡಿಯ ಅಂಕಿಯನ್ನು ನಂಬದೆ ಉಷ್ಣಮಾಪಕ ಹಿಡಿದು ನೋಡಿ. ಪಾಲಿಯೆಸ್ಟರ್ ಮೇಲೆ ಬಿಗಿಗೊಳಿಸದ ಡೋಪನ್ನೇ ಬಳಸಬೇಕು. ಬಿಗಿಗೊಳಿಸುವ ಡೋಪ್ ವರ್ಷಗಟ್ಟಲೆ ಕುಗ್ಗುತ್ತಲೇ ಇದ್ದು ರೆಕ್ಕೆಯ ಹಿಂದಂಚನ್ನು ರಿಬ್‌ಗಳ ನಡುವೆ ಒಳಕ್ಕೆ ಬಾಗಿಸುತ್ತದೆ. ದಿನವೂ ಹಾರುವ ವಿಮಾನಕ್ಕೆ ಪಾಲಿಯೆಸ್ಟರ್ ಹೆಚ್ಚು ಬಾಳಿಕೆ ಬರುತ್ತದೆ. ಆದರೂ ಲಿನನ್‌ನ ನೇಯ್ಗೆಯ ಚೆಲುವು ಅದಕ್ಕೆ ಬರುವುದಿಲ್ಲ.

ಹೊಲಿಗೆಗೆ ಮೇಣ ಉಜ್ಜಿದ ಲಿನನ್ ದಾರ, ಉದ್ದ ಸೂಜಿ. ಅಂತರಕ್ಕೆ ಮೊದಲೇ ಬರೆದಿಟ್ಟ ಅಳತೆ. ಪ್ರೊಪೆಲರ್ ಗಾಳಿ ಬಡಿಯುವ ಭಾಗದಲ್ಲಿ ಒತ್ತೊತ್ತಾಗಿರುತ್ತದೆ. ಪ್ರತಿ ಹೊಲಿಗೆಗೂ ಗಂಟು ಹಾಕಬೇಕು, ಒಂದು ಹರಿದರೂ ಪಕ್ಕದ್ದು ಸಡಿಲವಾಗಬಾರದು.

ಡೋಪಿನ ಮೊದಲ ಪದರ ತಿಳಿಯಾಗಿರಬೇಕು, ಬ್ರಷ್‌ನಲ್ಲೇ ಬಳಿಯಬೇಕು. ಎಳೆಗಳ ನಡುವೆ ಇಳಿದು ಎರಡೂ ಕಡೆ ಹಿಡಿದುಕೊಳ್ಳಬೇಕು, ಆದರೆ ತೊಟ್ಟಿಕ್ಕಬಾರದು. ಒಳಗೆ ಬಿದ್ದ ಹನಿ ಕೆಳಗಿನ ಬಟ್ಟೆಯ ಮೇಲೆ ಒಣಗಿ ಅಲ್ಲಲ್ಲಿ ಸುಕ್ಕು ಎಬ್ಬಿಸುತ್ತದೆ. ತೇವಾಂಶ ಶೇಕಡ 70 ಮೀರಿದ ದಿನ ಡೋಪ್ ಡಬ್ಬಿ ತೆರೆಯುವುದಿಲ್ಲ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಪದರ ಬಿಳಿಚಿಕೊಂಡು ಬಲ ಕಳೆದುಕೊಳ್ಳುತ್ತದೆ. ಮಳೆಗಾಲವೆಂದೇ ಇಲ್ಲದೆ ಸುರಿಯುವ ಇಂಗ್ಲೆಂಡಿನ ಮಳೆಯಲ್ಲಿ ಈ ನಿಯಮ ಬಹಳ ಕೆಲಸ ನಿಲ್ಲಿಸುತ್ತದೆ, ನಿಲ್ಲಲಿ. ಡೋಪಿನಲ್ಲಿ ನೈಟ್ರೇಟ್, ಬ್ಯುಟಿರೇಟ್ ಎಂದು ಎರಡು ಬಗೆ: ನೈಟ್ರೇಟ್ ಮೇಲೆ ಬ್ಯುಟಿರೇಟ್ ಹಿಡಿಯುತ್ತದೆ, ಬ್ಯುಟಿರೇಟ್ ಮೇಲೆ ನೈಟ್ರೇಟ್ ಹಿಡಿಯುವುದಿಲ್ಲ. ನೈಟ್ರೇಟ್ ಕಿಡಿಗೂ ಹತ್ತಿಕೊಳ್ಳುವ ವಸ್ತು. ಶೆಡ್ಡಿನಲ್ಲಿ ಹೀಟರ್, ಸ್ವಿಚ್ ಎಲ್ಲದರ ಮೇಲೂ ಕಣ್ಣಿರಲಿ.

ಆಮೇಲೆ ಅಲ್ಯೂಮಿನಿಯಂ ಬೆರೆಸಿದ ಬೆಳ್ಳಿ ಡೋಪ್. ಬಟ್ಟೆಯನ್ನು ಬಿಸಿಲಿನಿಂದ ಕಾಯುವುದು ಇದೇ. ತಪಾಸಣೆ ಕಿಂಡಿಯಿಂದ ಒಳಗೆ ದೀಪ ಇಟ್ಟು ಕತ್ತಲಲ್ಲಿ ನೋಡಿ; ಬೆಳಕು ಸೋಸಿದರೆ ಇನ್ನೊಂದು ಪದರ ಬೇಕು. ಅದಕ್ಕಿಂತ ಹೆಚ್ಚು ಬಳಿದರೆ ತೂಕ ಏರುತ್ತದಷ್ಟೇ. ಹಿಂದಂಚಿನ ನೀರು ಬಸಿಯುವ ಐಲೆಟ್ ಎಂಬ ತೂತಿನ ಬಿಲ್ಲೆ‌ಗಳನ್ನು ಅಂಟಿಸಿದ ಮೇಲೆ ಪ್ರತಿಯೊಂದರ ತೂತಿನೊಳಗಿನ ಬಟ್ಟೆಯನ್ನು ಕತ್ತರಿಸಿ ತೂತು ತೆರೆದಿದೆಯೇ ಎಂದು ಒಂದೊಂದನ್ನೂ ಮುಟ್ಟಿ ನೋಡುತ್ತೇನೆ. ಕೊನೆಗೆ ಇಡೀ ವಿಮಾನವನ್ನು ತೂಗಿ, ಗುರುತ್ವ ಕೇಂದ್ರ ಹೊಸದಾಗಿ ಲೆಕ್ಕ ಹಾಕಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು.